ಭಾನುವಾರದ ಓದಿನ ಕೂಟ

ಗೆಳೆಯರೇ, ಈ ಭಾನುವಾರ ಬೆಳಿಗ್ಗೆ 10ಕ್ಕೆ ಬಾಯಾರಿನ ನಮ್ಮ ಮನೆ ಜಗಲಿಯಲ್ಲಿ ಸೇರೋಣ. ವಿಷಯ: ಬೇಸಿಗೆಯಲ್ಲಿ ಬಾವಿ ನೀರು ಯಾಕೆ ಇಳಿಯುತ್ತದೆ?

ಕಳೆದ ವಾರದ ಸುರಂಗದ ಚರ್ಚೆ ಇನ್ನೂ ತಲೆಯಲ್ಲೇ ಇದೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಪಂಪಿಲ್ಲದೆ ನೀರು ಹೇಗೆ ಬರುತ್ತದೆ ಅಂತ ಕೇಳಿದಾಗ ನಾನು ‘ಒರತೆ’ ಅಂದು ಸುಮ್ಮನಾಗಿದ್ದೆ. ‘ಒರತೆಗೆ ನೀರು ಎಲ್ಲಿಂದ?’ ಎಂದು ನೀವು ಬಿಡಲಿಲ್ಲ. ಮಳೆನೀರು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ತೂತುಗಳಲ್ಲಿ ಇಳಿಯುತ್ತದೆ, ಆಮೇಲೆ ಸುರಂಗದ ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ ಎಂದು ನಿಮಗೆ ಹೇಳುವಾಗಲೇ ನನಗೂ ಸರಿಯಾಗಿ ಅರ್ಥವಾದದ್ದು. ಸುಮ್ನೆ ಬಾಯಿಪಾಠ ಮಾಡಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಒಬ್ಬೊಬ್ಬರೂ ಒಂದು ಪ್ರಶ್ನೆ ಬರೆದು ತನ್ನಿ. ಕಳೆದ ಸಲ ನಾವು ಮೂವರೇ ಜಾಸ್ತಿ ಮಾತಾಡಿದೆವು. ಈ ಸಲ ಉಳಿದವರು ಶುರು ಮಾಡಿ. ಮನೆಯ ಬಾವಿಯ ಆಳ ಅಳೆದು ಬಂದರೆ ತುಂಬಾ ಒಳ್ಳೆಯದು.