ಅನುದಿನದ ಧ್ಯಾನದಲ್ಲಿ ಜ್ಞಾನೋಕ್ತಿಗಳಿಗೂ ಸ್ಥಳವಿರಲಿ

ಮಾನ್ಯ ಸಂಪಾದಕರೇ,

ಕನ್ನಡದ ದಿನಪತ್ರಿಕೆಗಳು ನಿತ್ಯವೂ ಒಂದು ಮೂಲೆಯಲ್ಲಿ ಪ್ರಕಟಿಸುವ ಕಿರು ಚಿಂತನೆಗಳಲ್ಲಿ ವಚನಕಾರರ, ದಾಸರ, ಸೂಫಿ ಸಂತರ ಮಾತುಗಳ ನಡುವೆ ಆಗಾಗ ಸತ್ಯವೇದದ ವಚನವೊಂದನ್ನು ಆಧರಿಸಿದ ಬರಹವೂ ಇರುತ್ತದೆ. ಕ್ರೈಸ್ತ ಕುಟುಂಬಗಳಲ್ಲಿ ಇಂಥ ಬರಹಗಳಿಗೆ ಬಹುಕಾಲದ ಬಳಕೆಯಿದೆ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಒಂದು ಕೀರ್ತನೆ ಹಾಡಿ, ಒಂದು ಅಧ್ಯಾಯ ಓದಿ, ಧ್ಯಾನದ ಪುಸ್ತಕದಿಂದ ಆ ತಾರೀಖಿನ ಪುಟವನ್ನು ಮನೆಯ ಮಕ್ಕಳಲ್ಲೊಬ್ಬರು ಗಟ್ಟಿಯಾಗಿ ಓದುವುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಧಾರವಾಡದ ಸಭೆಯೊಂದರಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೆ ಬಹಳ ವರ್ಷ ಪಾಠ ಹೇಳಿದವನಾಗಿ ಈ ಬಗೆಯ ಬರಹದ ಮೇಲೆ ನನಗೆ ಅಪಾರ ಪ್ರೀತಿಯಿದೆ. ಆ ಪ್ರೀತಿಯಿಂದಲೇ ಒಂದು ಕಳವಳವನ್ನು ತಮ್ಮ ಮುಂದಿಡುತ್ತಿದ್ದೇನೆ. ಇತ್ತೀಚಿನ ವರ್ಷಗಳಲ್ಲಿ ನಾನು ಕನ್ನಡದಲ್ಲಿ ಓದುತ್ತಿರುವ ಅನುದಿನದ ಧ್ಯಾನಗಳು ಬಹುಪಾಲು ಬರೀ ವಾಗ್ದಾನಗಳಾಗಿಬಿಟ್ಟಿವೆ. ನಿನಗೆ ಏನು ಸಿಗಲಿದೆ ಎಂಬುದನ್ನು ಅವು ಹೇಳುತ್ತವೆ. ನೀನು ಇಂದು ಯಾರಿಗೆ ಏನನ್ನು ಕೊಡಬೇಕಾಗಿದೆ ಎಂಬುದನ್ನು ಹೇಳುವುದಿಲ್ಲ.

ಹೊಸ ವರ್ಷದ ಆರಾಧನೆ ಮುಗಿದಾಗ ಅನೇಕ ಸಭೆಗಳಲ್ಲಿ ವಾಗ್ದಾನದ ವಚನ ಮುದ್ರಿಸಿದ ಚಿಕ್ಕ ಚೀಟಿಗಳನ್ನು ತಟ್ಟೆಯಲ್ಲಿಟ್ಟು, ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಳ್ಳುವ ಪದ್ಧತಿಯಿದೆ. ಆ ಚೀಟಿಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಹೊಸ ಅಂಗಡಿಯ ಗೋಡೆಯ ಮೇಲೆ ಮತ್ತೆ ಮತ್ತೆ ಕಾಣುವ ವಚನವೊಂದು ಯೋಬನ ಗ್ರಂಥದ 8ನೆಯ ಅಧ್ಯಾಯದ 7ನೆಯದು: ಆರಂಭವು ಅಲ್ಪವಾಗಿದ್ದರೂ ಅಂತ್ಯವು ಬಹಳ ವೃದ್ಧಿಯಾಗುವುದೆಂಬ ಮಾತು. ಈ ಮಾತನ್ನಾಡುತ್ತಿರುವವನು ದೇವರಲ್ಲ, ಪ್ರವಾದಿಯೂ ಅಲ್ಲ, ಯೋಬನ ಸ್ನೇಹಿತ ಬಿಲ್ದದ. ಹತ್ತು ಮಂದಿ ಮಕ್ಕಳನ್ನು ಒಂದೇ ದಿನ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಎದುರಿಗೆ, ಮೂರೇ ವಚನಗಳ ಹಿಂದೆ, ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ದೇವರು ಅವರನ್ನು ಅವರ ದ್ರೋಹದ ವಶಕ್ಕೆ ಬಿಟ್ಟಿರಬೇಕು ಎಂಬ ಅರ್ಥದಲ್ಲಿ ಮಾತಾಡಿದವನು ಇವನೇ. ನೀನು ಶುದ್ಧನಾಗಿದ್ದರೆ ಎಂಬ ಷರತ್ತಿನ ಬೆನ್ನಿಗೇ ಆ ವೃದ್ಧಿಯ ಮಾತು ಬರುತ್ತದೆ. ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರು ಯೋಬನ ಇನ್ನೊಬ್ಬ ಸ್ನೇಹಿತ ಎಲೀಫಜನನ್ನು ಕರೆದು, ಅವನೂ ಅವನ ಇಬ್ಬರು ಸ್ನೇಹಿತರೂ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲವೆಂದು ಕೋಪಗೊಳ್ಳುತ್ತಾನೆ. ಯೋಬನ ಕಡೆಯ ದಿನಗಳು ಮೊದಲಿನ ದಿನಗಳಿಗಿಂತ ಹೆಚ್ಚು ಆಶೀರ್ವಾದ ಪಡೆದವೆಂದು ಅದೇ ಅಧ್ಯಾಯ ಹೇಳುವುದು ನಿಜ. ಆದರೆ ಅದು ಬಿಲ್ದದನ ಲೆಕ್ಕಾಚಾರದಂತೆ ದೊರೆತ ಫಲವಲ್ಲ. ಮಾಡದ ತಪ್ಪನ್ನು ಒಪ್ಪಿಕೊಳ್ಳದೆ ನೋವಿನಲ್ಲಿಯೂ ನೆಟ್ಟಗೆ ನಿಂತ ಯೋಬನು, ತನ್ನನ್ನು ಚುಚ್ಚಿದ ಆ ಸ್ನೇಹಿತರಿಗಾಗಿಯೇ ಪ್ರಾರ್ಥಿಸಿದ ಮೇಲೆ ಬಂದದ್ದು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳ ಕೈಗೆ ಆ ಚೀಟಿ ಬಂದು, ಅವಳು ಮನೆಗೆ ಹೋಗಿ ಸತ್ಯವೇದ ತೆರೆದು ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಅವಳ ಮನಸ್ಸಿಗೆ ಏನಾದೀತೆಂದು ಚೀಟಿ ಮುದ್ರಿಸಿದವರು ಯೋಚಿಸಿರಲಾರರು.

ಯೆರೆಮೀಯ 29:11ರ ಗತಿಯೂ ಹೀಗೆಯೇ ಆಗಿದೆ. ಹಿತದ ಯೋಚನೆ, ಒಳ್ಳೆಯ ಭವಿಷ್ಯ, ನಿರೀಕ್ಷೆ ಇವುಗಳನ್ನು ಹೇಳುವ ಆ ವಚನ ಇಂದು ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಪುಣೆಗೋ ಹೊರಟ ನಮ್ಮ ಯುವಕರ ಮೊಬೈಲಿನ ಪರದೆಯ ಮೇಲಿದೆ. ಅದು ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಬರೆದ ಪತ್ರದ ಭಾಗ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಹನನ್ಯನೆಂಬವನು ಜನರಿಗೆ ಸಿಹಿಯಾಗಿ ಹೇಳಿದ್ದ ಕಾಲದಲ್ಲಿ, ಎಪ್ಪತ್ತು ವರ್ಷ ಕಾಯಬೇಕು ಎಂದು ಬರೆದ ಪತ್ರವದು. ಅಂದರೆ ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ತವರಿಗೆ ಮರಳುವುದನ್ನು ಕಾಣದೆಯೇ ಸಾಯಲಿದ್ದರು. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ನೀವು ಸೆರೆಯಾಗಿ ಹೋದ ಆ ಪಟ್ಟಣದ ಕ್ಷೇಮವನ್ನು ಹುಡುಕಿ ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಅಪ್ಪಣೆ ಆ ಪತ್ರದಲ್ಲಿ ವಾಗ್ದಾನಕ್ಕಿಂತ ಮೊದಲು ಬರುತ್ತದೆ. ಪರವೂರಿಗೆ ಹೋದ ಯುವಕನೊಬ್ಬನು ಆ ಊರಿನ ಕೆರೆ, ಆ ಊರಿನ ಭಾಷೆ, ಪಕ್ಕದ ಮನೆಯ ಮುದುಕರು ಇವರೆಲ್ಲರ ಕ್ಷೇಮಕ್ಕೆ ತಾನು ಹೊಣೆಯೆಂದು ತಿಳಿಯಲು ಇದಕ್ಕಿಂತ ನೇರವಾದ ಮಾತು ಎಲ್ಲಿ ಸಿಕ್ಕೀತು? ಆ ಭಾಗವನ್ನು ಆಧರಿಸಿದ ಒಂದು ಪುಟದ ಧ್ಯಾನವನ್ನು ಓದಿದ ನೆನಪು ನನಗಿಲ್ಲ.

ಬರಹ ಚಿಕ್ಕದಾಗಿರುವುದು ದೋಷವೆಂದು ನಾನು ಹೇಳುತ್ತಿಲ್ಲ. ಚಿಕ್ಕದಾಗಿಯೂ ಗಂಭೀರವಾಗಿರಬಹುದೆಂಬುದಕ್ಕೆ ಈ ಪರಂಪರೆಯ ಮೊದಲ ಉದಾಹರಣೆಗಳಲ್ಲೊಂದೇ ಸಾಕ್ಷಿ. ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ, ಮೊರಾವಿಯಾದಿಂದ ವಿಶ್ವಾಸದ ಕಾರಣಕ್ಕೆ ಓಡಿಬಂದವರಿಗೆ ತನ್ನ ಜಮೀನಿನಲ್ಲಿ ಆಶ್ರಯ ಕೊಟ್ಟಿದ್ದ ಕೌಂಟ್ ಜಿನ್ಜೆನ್‌ಡಾರ್ಫ್, 1728ರ ಮೇ 3ರ ಸಂಜೆ ಸೇರಿದ್ದ ಸಭೆಗೆ ಮರುದಿನಕ್ಕೆಂದು ಒಂದು ಸಾಲನ್ನು ಕೊಟ್ಟನು. ಅಂದಿನಿಂದ ದಿನಕ್ಕೊಂದು ಮಾತನ್ನು ಮನೆಮನೆಗೂ ಒಯ್ದು ತಲುಪಿಸುವುದು ಅಲ್ಲಿ ರೂಢಿಯಾಯಿತು. ಒಯ್ದವರು ಬಾಗಿಲಲ್ಲಿ ಅದನ್ನು ಹೇಳಿ ಹಿಂತಿರುಗುತ್ತಿರಲಿಲ್ಲ. ಒಳಗೆ ಕುಳಿತು ಮನೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದರು. 1731ರ ವರ್ಷಕ್ಕೆ ಅದು ಮೊದಲ ಬಾರಿಗೆ ಪುಸ್ತಕವಾಗಿ ಅಚ್ಚಾಯಿತು. ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತಿದೆ. ಅಲ್ಲಿಯೂ ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಅದಕ್ಕೆ ಜೊತೆಯಾಗುವ ಹೊಸ ಒಡಂಬಡಿಕೆಯ ವಚನವನ್ನು ಆರಿಸಲು ಒಬ್ಬರು ಕುಳಿತು ಯೋಚಿಸಬೇಕಾಗುತ್ತದೆ. ನಾವು ಚೀಟಿಯನ್ನು ಉಳಿಸಿಕೊಂಡು, ಆ ಯೋಚನೆಯನ್ನೂ ಮನೆಗೆ ಹೋಗಿ ಕುಳಿತು ಮಾತಾಡುವುದನ್ನೂ ಬಿಟ್ಟಿದ್ದೇವೆ.

ಒಂಟಿ ವಚನವೊಂದು ಒಬ್ಬ ಮನುಷ್ಯನನ್ನು ಹೇಗೆ ಹಿಡಿಯಬಹುದೆಂದು ತಿಳಿಯಲು ಡೀಟ್ರಿಚ್ ಬಾನ್‌ಹಾಫರ್‌ನನ್ನು ನೆನೆಯುತ್ತೇನೆ. ಹಿಟ್ಲರನ ಆಳ್ವಿಕೆಯಿಂದ ದೂರ, 1939ರ ಜೂನ್ ತಿಂಗಳಲ್ಲಿ ಈ ಪಾದ್ರಿ ನ್ಯೂಯಾರ್ಕಿನಲ್ಲಿ ಸುರಕ್ಷಿತನಾಗಿದ್ದನು. ತಾಯ್ನಾಡಿಗೆ ಮರಳಬೇಕೆಂದು ತೀರ್ಮಾನಿಸಿ ಕೆಲವೇ ದಿನಗಳಾಗಿದ್ದವು. ಜೂನ್ 26ರಂದು ಅವನು ಓದಿದ್ದು, ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಿಸು ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತು. ಅದು ಇಡೀ ದಿನ ತನ್ನ ಬೆನ್ನು ಬಿಡಲಿಲ್ಲವೆಂದೂ, ಅದನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡರೆ ಅದು ಸತ್ಯವೇದದ ದುರ್ಬಳಕೆಯಾಗದೆಂದೂ ಅವನು ದಿನಚರಿಯಲ್ಲಿ ಬರೆದುಕೊಂಡನು. ಸಂದರ್ಭ ಬಿಟ್ಟು ವಚನ ಹಿಡಿಯಬಾರದೆಂಬ ನನ್ನ ವಾದಕ್ಕೆ ಇದು ವಿರುದ್ಧವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಅದು ಸೆರೆಮನೆಯಲ್ಲಿದ್ದ ಪೌಲನು ತನ್ನ ಜೊತೆಗಾರನನ್ನು ಕರೆದ ಮಾತೆಂದು ಬಾನ್‌ಹಾಫರ್‌ನಿಗೆ ಚೆನ್ನಾಗಿ ಗೊತ್ತಿತ್ತು. ಮತ್ತು ಆ ವಚನ ಅವನನ್ನು ಸುಖದ ಕಡೆಗಲ್ಲ, ಅಪಾಯದಲ್ಲಿದ್ದ ತನ್ನ ಜನರ ಕಡೆಗೆ ನಡೆಸಿತು. ಜುಲೈನಲ್ಲಿ ಅವನು ಹಡಗು ಹತ್ತಿದನು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಹಾಗಾದರೆ ಅನುದಿನದ ಧ್ಯಾನಕ್ಕೆ ಏನನ್ನು ಆರಿಸಬೇಕು? ವಿವೇಕದಿಂದಲೂ ನಂಬಿಗಸ್ತಿಕೆಯಿಂದಲೂ ಬದುಕುವುದನ್ನು ಕಲಿಸಲು ಹಳೆಯ ಒಡಂಬಡಿಕೆಯಲ್ಲಿ ಒಂದು ಇಡೀ ಗ್ರಂಥವೇ ಇದೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ತಿಂಗಳ ತಾರೀಖಿಗೆ ಒಂದರಂತೆ ಅದನ್ನು ಓದುವ ರೂಢಿ ಹಲವು ಹಿರಿಯರಲ್ಲಿತ್ತು. ಅದರ ಮಾತುಗಳು ಸಂತೆಯಲ್ಲಿ, ಹೊಲದಲ್ಲಿ, ಊಟದ ಎಲೆಯ ಮುಂದೆ ನಿಲ್ಲುವಂಥವು. ಸುಳ್ಳು ತಕ್ಕಡಿ ದೇವರಿಗೆ ಅಸಹ್ಯ ಎನ್ನುತ್ತದೆ ಹನ್ನೊಂದನೆಯ ಅಧ್ಯಾಯದ ಮೊದಲ ಸಾಲು. ಕಿರಾಣಿ ಅಂಗಡಿಯವನು ಗಲ್ಲಾಪೆಟ್ಟಿಗೆಯ ಮೇಲೆ ಬರೆಸಿಕೊಳ್ಳಲು ಇದಕ್ಕಿಂತ ಯೋಗ್ಯವಾದ ವಚನ ಇನ್ನೊಂದಿಲ್ಲ. ಕೊಡಲು ಕೈಯಲ್ಲಿದ್ದಾಗ ನೆರೆಯವನಿಗೆ ನಾಳೆ ಬಾ ಎನ್ನಬೇಡ ಎನ್ನುತ್ತದೆ ಮೂರನೆಯ ಅಧ್ಯಾಯ. ಮನೆಗೆಲಸದವಳ ತಿಂಗಳ ಸಂಬಳವನ್ನು ಐದನೆಯ ತಾರೀಖಿನಿಂದ ಹತ್ತಕ್ಕೆ, ಹತ್ತರಿಂದ ಹದಿನೈದಕ್ಕೆ ತಳ್ಳುವ ಮನೆಯಲ್ಲಿ ಆ ದಿನದ ಬೆಳಿಗ್ಗೆ ಈ ವಚನ ಓದಿದರೆ ಅಲ್ಲಿ ವ್ಯಾಖ್ಯಾನವೇ ಬೇಕಾಗುವುದಿಲ್ಲ. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡವೂ, ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆಂದು ಯಾಕೋಬನ ಪತ್ರಿಕೆಯೂ ಹೇಳುವುದರಿಂದ, ಇದು ಎಲ್ಲೋ ಒಂದು ಕಡೆ ಬಂದ ಬಿಡಿ ಮಾತೂ ಅಲ್ಲ. ಹಳೆಯ ಗಡಿಕಲ್ಲನ್ನು ಸರಿಸಬೇಡ, ಅನಾಥರ ಹೊಲಕ್ಕೆ ನುಗ್ಗಬೇಡ ಎಂಬ ಎಚ್ಚರಿಕೆ ಇಪ್ಪತ್ತಮೂರನೆಯ ಅಧ್ಯಾಯದಲ್ಲಿದೆ. ಬದುವಿನ ಜಗಳಕ್ಕೆ ಕೋರ್ಟು ಅಲೆದು ಅಲೆದು ಬಡವಾದ ಕುಟುಂಬಗಳು ನಮ್ಮ ಪ್ರತಿ ತಾಲ್ಲೂಕಿನಲ್ಲಿಯೂ ಇವೆ.

ನಾಲಿಗೆಯ ವಿಷಯದಲ್ಲಿ ಈ ಗ್ರಂಥ ಹೇಳುವುದು ನಮ್ಮ ಕಾಲಕ್ಕೆ ಇನ್ನೂ ಹತ್ತಿರವಾದದ್ದು. ಮೊದಲು ವಾದಿಸಿದವನು ನ್ಯಾಯವಂತನೆಂದೇ ತೋರುತ್ತಾನೆ, ಎದುರಾಳಿ ಬಂದು ಪರೀಕ್ಷಿಸುವವರೆಗೆ ಎಂಬ ಹದಿನೆಂಟನೆಯ ಅಧ್ಯಾಯದ ಮಾತನ್ನು, ಕೈಗೆ ಬಂದ ಸುದ್ದಿಯನ್ನೆಲ್ಲ ಆ ಕ್ಷಣವೇ ಮುಂದಕ್ಕೆ ಕಳಿಸುವ ನಾವು ದಿನಕ್ಕೆ ಎರಡು ಬಾರಿ ಓದಿಕೊಳ್ಳಬೇಕಾಗಿದೆ. ಯೋಚಿಸದೆ ಆಡಿದ ಮಾತು ಕತ್ತಿಯ ತಿವಿತದಂತೆ, ಮೃದುವಾದ ಉತ್ತರ ಸಿಟ್ಟನ್ನು ಇಳಿಸುತ್ತದೆ, ಶತ್ರು ಬಿದ್ದಾಗ ಹಿಗ್ಗಬೇಡ: ಇವುಗಳಲ್ಲಿ ಯಾವುದೂ ಅರ್ಥಮಾಡಿಕೊಳ್ಳಲು ಕಷ್ಟವಲ್ಲ, ಪಾಲಿಸಲು ಮಾತ್ರ ಕಷ್ಟ. ಮೂಢನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂದು ಇಪ್ಪತ್ತಾರನೆಯ ಅಧ್ಯಾಯದ ನಾಲ್ಕನೆಯ ವಚನ ಹೇಳಿದರೆ, ತಕ್ಕಂತೆ ಉತ್ತರ ಕೊಡು ಎಂದು ಐದನೆಯದು ಹೇಳುತ್ತದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟವರು ಓದುಗನ ವಿವೇಚನೆಯನ್ನು ಗೌರವಿಸಿದ್ದಾರೆ. ಎಂದು ಮಾತಾಡಬೇಕು, ಎಂದು ಸುಮ್ಮನಿರಬೇಕು ಎಂಬುದನ್ನು ಅವನೇ ತೂಗಿ ನೋಡಬೇಕು. ಸಿದ್ಧ ಸಮಾಧಾನವನ್ನು ಹಂಚುವ ಧ್ಯಾನಗಳಲ್ಲಿ ನನಗೆ ಸಿಗದಿರುವುದು ಈ ಗೌರವವೇ.

ಇನ್ನೊಂದು ಕಾರಣಕ್ಕೂ ಸಾರ್ವಜನಿಕ ಪತ್ರಿಕೆಗೆ ಈ ಗ್ರಂಥ ಹೊಂದುತ್ತದೆ. ಇದು ಒಂದೇ ಮನೆಯ ಸ್ವತ್ತಲ್ಲ. ಇಪ್ಪತ್ತೆರಡನೆಯ ಅಧ್ಯಾಯದ ಉತ್ತರಾರ್ಧದಿಂದ ಆರಂಭವಾಗುವ ಭಾಗಕ್ಕೂ ಈಜಿಪ್ಟಿನ ಅಮೆನೆಮೋಪೆಯ ಉಪದೇಶಕ್ಕೂ ಇರುವ ಹತ್ತಿರದ ಹೋಲಿಕೆಯನ್ನು ವಿದ್ವಾಂಸರು ನೂರು ವರ್ಷಗಳಿಂದ ಗುರುತಿಸುತ್ತ ಬಂದಿದ್ದಾರೆ. ಕೊನೆಯ ಅಧ್ಯಾಯವು ಲೆಮೂವೇಲನೆಂಬ ರಾಜನಿಗೆ ಅವನ ತಾಯಿ ಹೇಳಿಕೊಟ್ಟದ್ದು. ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಎಂದು ಆಕೆ ಮಗನಿಗೆ ಕಲಿಸುತ್ತಾಳೆ. ನೆರೆಹೊರೆಯವರ ವಿವೇಕವನ್ನು ಸಂಕೋಚವಿಲ್ಲದೆ ಒಳಗೆ ಬರಮಾಡಿಕೊಂಡ ಗ್ರಂಥವು, ವಚನ ಮತ್ತು ಕೀರ್ತನೆಗಳ ಪಕ್ಕದಲ್ಲಿ ನಮ್ಮ ಪತ್ರಿಕೆಗಳ ಅಂಕಣದಲ್ಲಿ ಪರಕೀಯವೆನಿಸಲಾರದು.

ಕನ್ನಡದ ಮೊದಲ ಪತ್ರಿಕೆಯ ಇತಿಹಾಸವೂ ನನ್ನ ಬೇಡಿಕೆಗೆ ಬಲ ಕೊಡುತ್ತದೆ. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಆ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಮಿಶನ್ನಿನ ಆ ತಂಡ ಬಂದ ಎರಡು ವರ್ಷಗಳ ತರುವಾಯ ಮಂಗಳೂರಿಗೆ ಬಂದ ಅವರು ಮುಂದೆ ದಾಸರ ಪದಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಒಬ್ಬ ಪಾದ್ರಿ ಪುರಂದರದಾಸರನ್ನು ಮುದ್ರಿಸಿದ ನಾಡಿನಲ್ಲಿ, ಕ್ರೈಸ್ತ ಧ್ಯಾನವು ತನ್ನ ಸಭೆಯ ಒಳಗಿನವರಿಗೆ ಮಾತ್ರ ತಿಳಿಯುವ ಪರಿಭಾಷೆಯಲ್ಲಿ ಮುದುಡಿಕೊಂಡಿರಬೇಕಾಗಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಹೆಚ್ಚಾಗಿ ಕ್ರಿಸ್ಮಸ್ ಮತ್ತು ಶುಭ ಶುಕ್ರವಾರಕ್ಕೆ ಮೀಸಲಾಗಿರುವ ಈ ಕಿರು ಬರಹಗಳಿಗೆ ವರ್ಷದ ಉಳಿದ ದಿನಗಳಲ್ಲಿಯೂ ಸ್ಥಳ ಕೊಡಿರಿ. ವಚನದ ಕೆಳಗೆ ಅಧ್ಯಾಯದ ಸಂಖ್ಯೆಯ ಜೊತೆಗೆ ಅದನ್ನು ಯಾರು ಯಾರಿಗೆ ಹೇಳಿದರೆಂಬ ಒಂದು ಸಾಲೂ ಇರಲಿ. ಬಿಲ್ದದನ ಮಾತು ಬಿಲ್ದದನ ಹೆಸರಿನಲ್ಲೇ ಅಚ್ಚಾಗಲಿ. ಬರೆಯಲು ಸಭಾಪಾಲಕರನ್ನೂ ಗುರುಗಳನ್ನೂ ಕೇಳುವಂತೆಯೇ ನರ್ಸುಗಳನ್ನು, ಶಿಕ್ಷಕಿಯರನ್ನು, ವ್ಯಾಪಾರಿಗಳನ್ನು, ಕಾಫಿ ತೋಟದ ಮೇಸ್ತ್ರಿಗಳನ್ನು ಕೇಳಿರಿ. ತಕ್ಕಡಿ ಮತ್ತು ಕೂಲಿಯ ಕುರಿತಾದ ವಚನಗಳು ಅವರಿಗೆ ಗೊತ್ತಿರುವಷ್ಟು ಪ್ರಸಂಗಪೀಠದಲ್ಲಿ ನಿಂತವರಿಗೆ ಗೊತ್ತಿರುವುದಿಲ್ಲ. ಮೇ 1ರಂದು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನೂ, ಮತದಾನದ ಹಿಂದಿನ ದಿನ ತುಂಡು ರೊಟ್ಟಿಗಾಗಿ ಮನುಷ್ಯ ತಪ್ಪು ಮಾಡುತ್ತಾನೆಂಬ ಜ್ಞಾನೋಕ್ತಿ 28:21ನ್ನೂ ಆರಿಸಿಕೊಳ್ಳಬಹುದು. ಈಸ್ಟರಿಗೆ ಮುಂಚೆ ಬರುವ ತಪಸ್ಸುಕಾಲದ ನಲವತ್ತು ದಿನಗಳಲ್ಲಿ, ಯೂದದ ರಾಜ ಹಿಜ್ಕೀಯನ ಕಾಲದ ಲಿಪಿಕಾರರು ಸಂಗ್ರಹಿಸಿದ 25ರಿಂದ 29ರವರೆಗಿನ ಐದು ಅಧ್ಯಾಯಗಳನ್ನೇ ಕ್ರಮವಾಗಿ ತೆಗೆದುಕೊಂಡು ಪ್ರಯೋಗವಾಗಿ ಆರಂಭಿಸಬಹುದೆಂದು ಸೂಚಿಸುತ್ತೇನೆ. ತಾವು ಒಪ್ಪಿದರೆ, ಬೇರೆ ಬೇರೆ ಸಭೆಗಳಿಂದ ಬರೆಯಬಲ್ಲವರನ್ನು ಹುಡುಕಿ ತಮಗೆ ಪರಿಚಯಿಸುವ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಧಾರವಾಡ