‘ನೆವರ್‌ಮೈಂಡ್’ ಲೇಖನಕ್ಕೆ ಒಂದು ಪ್ರತಿಕ್ರಿಯೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಮೆರಿಕದ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಆಲ್ಬಮ್ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಕನ್ನಡ ಪತ್ರಿಕೆಯೊಂದು ಆಲ್ಟರ್ನೇಟಿವ್ ರಾಕ್‌ಗೆ, ಅಂದರೆ ಮುಖ್ಯವಾಹಿನಿಯ ಹೊರಗೆ ಬೆಳೆದ ರಾಕ್ ಸಂಗೀತಕ್ಕೆ, ಅರ್ಧ ಪುಟ ಬಿಟ್ಟುಕೊಡುವುದೇ ಅಪರೂಪವಾದ್ದರಿಂದ ಮೊದಲಿಗೆ ನಿಮಗೆ ಅಭಿನಂದನೆ ಸಲ್ಲಬೇಕು. ಆದರೆ ಲೇಖನದ ಮುಕ್ಕಾಲು ಪಾಲು ಗಾಯಕ ಕರ್ಟ್ ಕೊಬೇನ್ 1994ರ ಏಪ್ರಿಲ್‌ನಲ್ಲಿ ತೀರಿಕೊಂಡ ಸಂಗತಿಗೇ ಮೀಸಲಾಗಿದ್ದು, ಆಲ್ಬಮ್ ಎಂಬುದು ಆ ಸಾವಿಗೆ ಬರೆದ ಮುನ್ನುಡಿಯೇನೋ ಎಂಬ ಭಾವನೆ ಬರುತ್ತದೆ. ಅದಕ್ಕೆ ಎರಡೂವರೆ ವರ್ಷ ಮೊದಲು, 1991ರ ಸೆಪ್ಟೆಂಬರ್ 24ರಂದು ಹೊರಬಂದ ಈ ಆಲ್ಬಮ್ಮಿನಲ್ಲಿ ಕಿವಿಗೆ ಬೀಳುವುದೇನು, ಅದನ್ನು ಯಾರು ಹೇಗೆ ಕಟ್ಟಿದರು ಎಂಬುದಕ್ಕೆ ಎರಡು ಸಾಲೂ ಸಿಕ್ಕಿಲ್ಲ. ಬಂಗಾರಪೇಟೆಯಲ್ಲಿ ಗಿಟಾರ್ ಕಲಿಸಿಕೊಂಡಿರುವ ನನಗೆ ಈ ಕೊರತೆಯನ್ನು ನೋಡಿಯೂ ಸುಮ್ಮನಿರಲಾಗಲಿಲ್ಲ.

ಮೊದಲು ಊರಿನ ವಿಷಯ. ಲೇಖಕರು ಈ ಬ್ಯಾಂಡನ್ನು ಸಿಯಾಟಲ್ ನಗರದ್ದೆಂದು ಬರೆದಿದ್ದಾರೆ. ಕೊಬೇನ್ ಮತ್ತು ಬೇಸ್ ವಾದಕ ಕ್ರಿಸ್ಟ್ ನೊವೊಸೆಲಿಕ್ 1987ರಲ್ಲಿ ಬ್ಯಾಂಡ್ ಕಟ್ಟಿದ್ದು ಸಿಯಾಟಲ್‌ನಿಂದ ಸುಮಾರು 170 ಕಿ.ಮೀ. ದೂರದಲ್ಲಿರುವ, ಮರದ ದಿಮ್ಮಿಗಳ ಉದ್ಯಮವನ್ನೇ ನೆಚ್ಚಿಕೊಂಡು ಬದುಕಿದ್ದ ಅಬರ್ಡೀನ್ ಎಂಬ ಊರಿನಲ್ಲಿ. ಕೋಲಾರ ಜಿಲ್ಲೆಯವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಹೇಗೆ ಮಾರಿಕುಪ್ಪಂನಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿಬರುವವರ ಊರಾಯಿತೋ, ಮರದ ಕೆಲಸ ಕುಗ್ಗುತ್ತ ಬಂದ ಅಬರ್ಡೀನ್ ಕೂಡ ಹಾಗೆಯೇ ಯುವಕರಿಗೆ ಬಿಟ್ಟುಹೋಗಬೇಕಾದ ಊರಾಗಿತ್ತು. ನಮ್ಮಲ್ಲಿ ಬೆಳೆದವರು ನಾಲ್ಕು ಜನರ ಕಣ್ಣಿಗೆ ಬಿದ್ದೊಡನೆ ಬೆಂಗಳೂರಿನವರಾಗಿಬಿಡುವುದನ್ನು ನಾವು ನೋಡುತ್ತಲೇ ಇದ್ದೇವೆ. ಅಮೆರಿಕದ ಊರಿಗಾದರೂ ಅದರ ಪಾಲಿನ ಮರ್ಯಾದೆ ಸಲ್ಲಲಿ. ಅಂದಹಾಗೆ ಇದೇ ಆಲ್ಬಮ್ಮಿನ ‘ಕಮ್ ಆ್ಯಸ್ ಯು ಆರ್’ ಹಾಡಿನ ಹೆಸರನ್ನು ಅಬರ್ಡೀನ್ 2005ರಲ್ಲಿ ತನ್ನ ಸ್ವಾಗತ ಫಲಕದ ಮೇಲೆ ಬರೆಸಿಕೊಂಡಿತು.

ಎರಡನೆಯದಾಗಿ, ಈ ಆಲ್ಬಮ್ ‘ರಾತ್ರೋರಾತ್ರಿ’ ಗೆದ್ದಿತೆಂಬ ಲೇಖನದ ಮಾತು. 1992ರ ಜನವರಿಯಲ್ಲಿ ಈ ಆಲ್ಬಮ್ ಮೈಕಲ್ ಜಾಕ್ಸನ್ನರ ‘ಡೇಂಜರಸ್’ ಅನ್ನು ಕೆಳಗಿಳಿಸಿ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದು ನಿಜ. ಅಮೆರಿಕದಲ್ಲಿ ಮೊದಲ ಕಂತಿಗೆ ಸುಮಾರು 46,000 ಪ್ರತಿಗಳನ್ನಷ್ಟೇ ಕಳುಹಿಸಿದ್ದ, ಹೆಚ್ಚೆಂದರೆ ಎರಡೂವರೆ ಲಕ್ಷ ಹೋದೀತೆಂದು ಅಂದಾಜಿಸಿದ್ದ, ಆಲ್ಬಮ್ ಹೊರತಂದ ಗೆಫೆನ್ ಕಂಪನಿಯವರೇ ಬೆರಗಾದದ್ದೂ ನಿಜ. ಆದರೆ ಆ ಏಣಿಯ ಮೆಟ್ಟಿಲುಗಳನ್ನು ಹತ್ತು ವರ್ಷಗಳಿಂದ ಬೇರೆಯವರು ಹಾಕುತ್ತ ಬಂದಿದ್ದರು. ಆರ್.ಇ.ಎಂ. ಬ್ಯಾಂಡಿನ 1983ರ ‘ಮರ್ಮರ್’ ಆಲ್ಬಮ್ಮನ್ನು ಹಳ್ಳಿ ಪಟ್ಟಣಗಳಿಗೆ ಮುಟ್ಟಿಸಿದ್ದು ಕಾಲೇಜುಗಳ ರೇಡಿಯೊ ಕೇಂದ್ರಗಳು. ನಿರ್ವಾಣಕ್ಕೆ ಗೆಫೆನ್ ಕಂಪನಿಯ ದಾರಿ ತೋರಿಸಿದವರು ಸೋನಿಕ್ ಯೂತ್ ಬ್ಯಾಂಡಿನವರು. ಇನ್ನು 1989ರಲ್ಲಿ ಸಬ್ ಪಾಪ್ ಎಂಬ ಪುಟ್ಟ ಸಂಸ್ಥೆ ಹೊರತಂದ ನಿರ್ವಾಣದ ಮೊದಲ ಆಲ್ಬಮ್ ‘ಬ್ಲೀಚ್’ನ ಧ್ವನಿಮುದ್ರಣಕ್ಕೆ ತಗುಲಿದ ಖರ್ಚು 606 ಡಾಲರ್ ಮಾತ್ರ. ಸಿಯಾಟಲ್‌ನ ಪರ್ಲ್ ಜ್ಯಾಮ್ ಬ್ಯಾಂಡ್ ನಿರ್ವಾಣದ ಬೆನ್ನು ಹಿಡಿದು ಬಂತೆಂದು ಲೇಖನ ಹೇಳುತ್ತದೆ. ಅವರ ‘ಟೆನ್’ ಆಲ್ಬಮ್ ಬಿಡುಗಡೆಯಾದದ್ದು 1991ರ ಆಗಸ್ಟ್ 27ರಂದು, ‘ನೆವರ್‌ಮೈಂಡ್’ಗಿಂತ ಸುಮಾರು ನಾಲ್ಕು ವಾರ ಮೊದಲು.

ನನಗೆ ಮುಖ್ಯವೆನಿಸುವುದು ಸ್ಟುಡಿಯೊದೊಳಗೆ ನಡೆದ ಕೆಲಸ. ನಿರ್ಮಾಪಕ ಬುಚ್ ವಿಗ್ 1990ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್‌ನ ತಮ್ಮ ಸ್ಮಾರ್ಟ್ ಸ್ಟುಡಿಯೊದಲ್ಲಿ ಹಲವು ಹಾಡುಗಳನ್ನು ಒಮ್ಮೆ ಮುದ್ರಿಸಿದ್ದರು. ಆಗ ಡ್ರಮ್ಸ್ ನುಡಿಸಿದವರು ಚಾಡ್ ಚಾನಿಂಗ್. ಅಂದಿನ ‘ಪಾಲಿ’ ಹಾಡು ಹಾಗೆಯೇ ಆಲ್ಬಮ್ಮಿಗೆ ಸೇರಿತು. ಉಳಿದವುಗಳನ್ನು ಡೇವ್ ಗ್ರೋಲ್ ಬ್ಯಾಂಡಿಗೆ ಸೇರಿದ ನಂತರ, 1991ರ ಮೇ ಮತ್ತು ಜೂನ್ ತಿಂಗಳಲ್ಲಿ, ಲಾಸ್ ಏಂಜಲಿಸ್‌ನ ಸೌಂಡ್ ಸಿಟಿ ಸ್ಟುಡಿಯೊದಲ್ಲಿ ಹೊಸದಾಗಿ ನುಡಿಸಲಾಯಿತು. ಒಂದೇ ಕಂಠವನ್ನು ಎರಡು ಸಲ ಮುದ್ರಿಸಿ ಒಂದರ ಮೇಲೊಂದು ಹೊಂದಿಸುವುದನ್ನು ಕೊಬೇನ್ ಮೋಸವೆಂದೇ ಭಾವಿಸಿದ್ದರು. ಜಾನ್ ಲೆನನ್ ಹಾಗೆಯೇ ಮಾಡುತ್ತಿದ್ದರೆಂದು ನೆನಪಿಸಿ ವಿಗ್ ಕೊಬೇನ್‌ರನ್ನು ಒಪ್ಪಿಸಬೇಕಾಯಿತು. ‘ಸಮ್‌ಥಿಂಗ್ ಇನ್ ದಿ ವೇ’ ಹಾಡನ್ನು ಕೊಬೇನ್ ಕಂಟ್ರೋಲ್ ರೂಮಿನ ಸೋಫಾದ ಮೇಲೆ ಮಲಗಿ ಪಿಸುದನಿಯಲ್ಲಿ ಹಾಡಿದರು, ಉಳಿದ ವಾದ್ಯಗಳನ್ನು ಆ ಪಿಸುದನಿಗೆ ಹೊಂದುವಂತೆ ಆಮೇಲೆ ನುಡಿಸಿದರು. ಇದಕ್ಕೆ ಶಿಸ್ತು ಬೇಕು. ‘ಶಿಸ್ತಿಲ್ಲದ ಹುಡುಗರ ಅಬ್ಬರ’ ಎಂಬ ನಿಮ್ಮ ಲೇಖಕರ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿನ ನಾಲ್ಕು ಪವರ್ ಕಾರ್ಡ್‌ಗಳನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ನನ್ನ ಬಳಿ ಬರುವ ಮಕ್ಕಳು ಬೇಗನೆ ಕಲಿಯುತ್ತಾರೆ. ಪವರ್ ಕಾರ್ಡ್‌ನಲ್ಲಿರುವುದು ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮಗಳು ಮಾತ್ರ, ಗಾಂಧಾರವಿಲ್ಲ. ಆದ್ದರಿಂದಲೇ ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಎಷ್ಟು ಏರಿಸಿದರೂ ನಾದ ಕಲಸಿಹೋಗದೆ ಗಟ್ಟಿಯಾಗಿ ನಿಲ್ಲುತ್ತದೆ, ಭಾವವನ್ನು ಸೂಚಿಸುವ ಹೊಣೆ ಹಾಡುವ ಕಂಠದ ಪಾಲಿಗೆ ಬರುತ್ತದೆ. ಚರಣದಲ್ಲಿ ತಗ್ಗಿದ ದನಿ, ಪಲ್ಲವಿಯಲ್ಲಿ ಸಿಡಿತ ಎಂಬ ಕ್ರಮ ಪಿಕ್ಸೀಸ್ ಬ್ಯಾಂಡಿನಿಂದ ಬಂದದ್ದೆಂದು ಕೊಬೇನ್ ತಾವಾಗಿಯೇ ಹೇಳಿಕೊಂಡಿದ್ದರು. ಆ ಸಿಡಿತಕ್ಕೆ ಬಲ ಕೊಟ್ಟದ್ದು ಗ್ರೋಲ್ ಅವರ ಡ್ರಮ್ಸ್. ಬೇರೆ ಬೇರೆಯಾಗಿ ಮುದ್ರಿಸಿದ್ದನ್ನು ಹದವಾಗಿ ಬೆರೆಸಿ ಒಟ್ಟು ಧ್ವನಿಗೆ ಹೊಳಪು ಕೊಟ್ಟ ಮಿಕ್ಸಿಂಗ್ ಆ್ಯಂಡಿ ವಾಲೆಸ್ ಅವರದು. ‘ಟೀನ್ ಸ್ಪಿರಿಟ್’ ಹಾಡಿನ ಖ್ಯಾತಿ ಬದಿಗಿರಲಿ, ನನ್ನ ಮಟ್ಟಿಗೆ ಈ ಆಲ್ಬಮ್ಮಿನ ಉತ್ತಮ ರಚನೆ ‘ಡ್ರೇನ್ ಯು’. ಗಿಟಾರ್‌ಗಳ ನಡುವೆ ಕೀಚುಗುಟ್ಟುವ ಆಟಿಕೆಯ ಸದ್ದು ತೇಲಿಬರುವ ಅದರ ಮಧ್ಯಭಾಗವನ್ನು ಓದುಗರು ಹೆಡ್‌ಫೋನ್ ಹಾಕಿ ಕೇಳಬೇಕು.

ಪರಂಪರೆಯ ಬಗ್ಗೆ ಲೇಖನದಲ್ಲಿ ಬರೀ ಹೊಗಳಿಕೆಯಿದೆ. ಮೂರು ಕೋಟಿಗೂ ಮೀರಿದ ಮಾರಾಟ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ 2004ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಸ್ಥಾನ, ಇವೆಲ್ಲ ಇರುವಂಥವೇ. ಇದರ ಆದಾಯದ ಒಂದು ಪಾಲು ಒಪ್ಪಂದದಂತೆ ಸಬ್ ಪಾಪ್‌ಗೂ ಸಂದು, ಮುಳುಗುತ್ತಿದ್ದ ಆ ಸಂಸ್ಥೆ ಉಳಿದುಕೊಂಡದ್ದು ಇವುಗಳಿಗಿಂತ ದೊಡ್ಡ ಸಂಗತಿಯೆಂದು ನಾನು ಎಣಿಸುತ್ತೇನೆ. ಆದರೆ ದೊಡ್ಡ ಕಂಪನಿಗಳು ಚೆಕ್ಕುಪುಸ್ತಕ ಹಿಡಿದು ಸಿಯಾಟಲ್‌ಗೆ ಮುಗಿಬಿದ್ದದ್ದು, ತಗ್ಗು ದನಿ–ಸಿಡಿತದ ಕ್ರಮ ಕೆಲವೇ ವರ್ಷಗಳಲ್ಲಿ ಯಾರು ಬೇಕಾದರೂ ಎರಕ ಹೊಯ್ಯಬಹುದಾದ ಅಚ್ಚಾದದ್ದು ಕೂಡ ಇದೇ ಪರಂಪರೆಗೆ ಸೇರಿದೆ. ಆಲ್ಬಮ್ಮಿನ ನಯವಾದ ಧ್ವನಿಯ ಬಗ್ಗೆ ಕೊಬೇನ್‌ಗೇ ಆಮೇಲೆ ಮುಜುಗರವಿತ್ತು. ಬ್ಯಾಂಡಿನ 1993ರ ಆಲ್ಬಮ್ ‘ಇನ್ ಯೂಟೆರೊ’ ಅಷ್ಟು ಒರಟಾಗಿ ಬಂದದ್ದಕ್ಕೆ ಅದೂ ಒಂದು ಕಾರಣ.

ಆ ಆಲ್ಬಮ್ ಕುರಿತು ಮುಂದೆ ಬರೆಸುವ ಯೋಚನೆ ತಮಗಿದ್ದರೆ ಒಂದು ಕೋರಿಕೆ. ಅದನ್ನು ಮುದ್ರಿಸಿದ ಸ್ಟೀವ್ ಅಲ್ಬಿನಿ ಮಾರಾಟದಲ್ಲಿ ಪಾಲು ಪಡೆಯಲು ಒಪ್ಪದೆ, ತಮ್ಮ ಕೆಲಸಕ್ಕೆ ಒಂದೇ ಬಾರಿ ನಿಗದಿತ ಸಂಭಾವನೆ ಸಾಕೆಂದು ಬ್ಯಾಂಡಿಗೆ ಪತ್ರ ಬರೆದಿದ್ದರು. ಆ ಸಂಗತಿಗೆ ದಯವಿಟ್ಟು ಒಂದು ಪ್ಯಾರಾದಷ್ಟಾದರೂ ಜಾಗ ಕೊಡಿಸಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಗಿಟಾರ್ ಶಿಕ್ಷಕ, ಬಂಗಾರಪೇಟೆ, ಕೋಲಾರ ಜಿಲ್ಲೆ