ಲಸಿಕೆಗೆ ಒಪ್ಪಿಗೆ ಕೊಟ್ಟ ಕಾರಣ ಜನರಿಗೂ ತಿಳಿಯಲಿ: ಕೇಂದ್ರ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಪುಣೆಯ ಹಡಪಸರದಿಂದ ಗೌರವಪೂರ್ವಕ ನಮಸ್ಕಾರಗಳು.

ಕೊರೊನಾ ಲಸಿಕೆಗಳ ಕುರಿತ ವಾದವಿವಾದ ಮುಗಿದುಹೋದ ಸಂಗತಿಯೆಂದು ದೆಹಲಿಯಲ್ಲಿ ಅನ್ನಿಸಿರಬಹುದು. ಔಷಧದ ಅಂಗಡಿಯಲ್ಲಿ ಕುಳಿತ ನನಗೆ ಹಾಗೆ ಅನ್ನಿಸುವುದಿಲ್ಲ. ಕೋವಿಶೀಲ್ಡ್ ತಯಾರಿಸಿದ ಸೀರಮ್ ಇನ್‌ಸ್ಟಿಟ್ಯೂಟ್ ಇರುವುದು ಹಡಪಸರದಲ್ಲೇ. ಕೋವ್ಯಾಕ್ಸಿನ್‌ಗೆ ಬೇಕಾದ ವೈರಾಣುವನ್ನು ಬೇರ್ಪಡಿಸಿ ಕೊಟ್ಟದ್ದೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೇ. ಆದರೂ ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆಸಿದ ನಮ್ಮ ಜನಕ್ಕೆ ತಮ್ಮ ತೋಳಿಗೆ ಹೋದ ಮದ್ದಿನ ಬಗ್ಗೆ ಸರ್ಕಾರದಿಂದ ನೇರವಾಗಿ ತಿಳಿದದ್ದು ಬಹಳ ಕಡಿಮೆ. ಲಸಿಕೆಯನ್ನು ವಿರೋಧಿಸಿ ನಾನು ಈ ಪತ್ರ ಬರೆಯುತ್ತಿಲ್ಲ. ಅರ್ಹನಾದಾಗಲೆಲ್ಲ ಹಾಕಿಸಿಕೊಂಡಿದ್ದೇನೆ, ಹಾಕಿಸಿಕೊಳ್ಳಿರೆಂದು ಗಿರಾಕಿಗಳಿಗೂ ಹೇಳಿದ್ದೇನೆ. ನನ್ನ ತಕರಾರು ಇರುವುದು ಒಪ್ಪಿಗೆಯ ಹಿಂದಿನ ಕಾರಣಗಳನ್ನು ಕಡತದೊಳಗೇ ಇಟ್ಟುಕೊಳ್ಳುವ ಅಭ್ಯಾಸದ ಬಗ್ಗೆ.

2021ರ ಜನವರಿ 3ರಂದು ಔಷಧ ಮಹಾನಿಯಂತ್ರಕರು ಎರಡೂ ಲಸಿಕೆಗಳ ತುರ್ತು ಬಳಕೆಗೆ ಒಪ್ಪಿಗೆ ಘೋಷಿಸಿದರು. ಕೋವಿಶೀಲ್ಡ್‌ನ ಪರಿಣಾಮ ಶೇ 70.42 ಎಂದರು. ಈ ಅಂಕಿ ವಿದೇಶದಲ್ಲಿ ನಡೆದ ಪ್ರಯೋಗದಲ್ಲಿ ಬಂದ ಎರಡು ಬೇರೆ ಬೇರೆ ಫಲಿತಾಂಶಗಳನ್ನು ಕೂಡಿಸಿ ತೆಗೆದದ್ದು: ಮೊದಲ ಸಲ ಅರ್ಧ ಡೋಸ್ ಪಡೆದವರಲ್ಲಿ ಶೇ 90, ಎರಡೂ ಸಲ ಪೂರ್ತಿ ಡೋಸ್ ಪಡೆದವರಲ್ಲಿ ಶೇ 62. ನಮಗೆ ಕೊಡಲಿದ್ದದ್ದು ಎರಡೂ ಪೂರ್ತಿ ಡೋಸ್. ಅಂದಮೇಲೆ ನಮಗೆ ಹೇಳಬೇಕಾಗಿದ್ದ ಅಂಕಿ ಯಾವುದು? ಕೋವ್ಯಾಕ್ಸಿನ್‌ನ ಮೂರನೆಯ ಹಂತದ ಪ್ರಯೋಗದ ಫಲಿತಾಂಶವಂತೂ ಆಗಿನ್ನೂ ಬಂದಿರಲೇ ಇಲ್ಲ. ‘ಕ್ಲಿನಿಕಲ್ ಟ್ರಯಲ್ ಮಾದರಿಯಲ್ಲಿ’ ಎಂಬ, ಸಾಮಾನ್ಯರಿಗೆ ಅರ್ಥವಾಗದ ಷರತ್ತಿನೊಂದಿಗೆ ಅದಕ್ಕೆ ಅನುಮತಿ ಸಿಕ್ಕಿತು. ಜೊತೆಗೆ, ಲಸಿಕೆಗಳು ಶೇ 110ರಷ್ಟು ಸುರಕ್ಷಿತ ಎಂಬ ಮಾತೂ ಅದೇ ದಿನ ಬಂತು. ನೂರಕ್ಕಿಂತ ಹೆಚ್ಚಿನ ಶೇಕಡಾವಾರು ಸುರಕ್ಷತೆಯನ್ನು ಯಾವ ಔಷಧದ ಪಟ್ಟಿಯ ಮೇಲೂ ನಾನು ಕಂಡಿಲ್ಲ.

ಕೋವ್ಯಾಕ್ಸಿನ್ ಪ್ರಯೋಗದ ಫಲಿತಾಂಶ ಕೊನೆಗೆ ಚೆನ್ನಾಗಿಯೇ ಬಂತು. ಸುಮಾರು 25,800 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಲಸಿಕೆಯಿಲ್ಲದ ಚುಚ್ಚುಮದ್ದು ಕೊಟ್ಟು ಕಾದಾಗ, ಲಸಿಕೆ ಪಡೆದವರಲ್ಲಿ 24 ಮಂದಿಗೆ, ಪಡೆಯದವರಲ್ಲಿ 106 ಮಂದಿಗೆ ಲಕ್ಷಣಸಹಿತ ಕೋವಿಡ್ ಕಾಣಿಸಿಕೊಂಡಿತು. ಶೇ 77.8 ಎಂಬ ಅಂಕಿ ಹುಟ್ಟಿದ್ದು ಈ ಲೆಕ್ಕದಿಂದ; ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ ರೋಗ ಅಷ್ಟು ಕಡಿಮೆ ಎಂದು ಅದರ ಅರ್ಥ. ಇಷ್ಟನ್ನು ಹೀಗೆ ಬಿಡಿಸಿ ಹೇಳಿದರೆ ನಮ್ಮ ಬೀದಿಯ ತರಕಾರಿ ಮಾರುವವರಿಗೂ ಅರ್ಥವಾಗುತ್ತದೆ. ಹೇಳದೆ ಬಿಟ್ಟದ್ದರಿಂದ, ಲಸಿಕೆ ಪಡೆದ ನೂರು ಜನರಲ್ಲಿ 22 ಜನರಿಗೆ ರೋಗ ಬಂದೇ ಬರುತ್ತದೆ ಎಂದು ತಿಳಿದವರೇ ಹೆಚ್ಚು.

ಡೋಸ್‌ಗಳ ನಡುವಿನ ಅಂತರದ ಪ್ರಕರಣವೂ ಇಂಥದ್ದೇ. 2021ರ ಮೇ 13ರಂದು ಕೋವಿಶೀಲ್ಡ್‌ನ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದಾಗ ಊರೂರಲ್ಲಿ ಲಸಿಕೆಯ ಅಭಾವವಿತ್ತು. ದಾಸ್ತಾನು ಇಲ್ಲದ್ದಕ್ಕೆ ಈ ಉಪಾಯ ಎಂದೇ ಜನ ಮಾತಾಡಿಕೊಂಡರು. ಆದರೆ 12 ವಾರ ಅಥವಾ ಅದಕ್ಕೂ ಹೆಚ್ಚು ಕಾದವರಲ್ಲಿ ರಕ್ಷಣೆ ಶೇ 81ರಷ್ಟು, ಆರು ವಾರದೊಳಗೆ ಎರಡನೆಯ ಡೋಸ್ ಪಡೆದವರಲ್ಲಿ ಶೇ 55ರಷ್ಟು ಎಂಬ ಮಾಹಿತಿ ಫೆಬ್ರುವರಿಯಲ್ಲೇ ಪ್ರಕಟವಾಗಿತ್ತು. ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ಸರ್ಕಾರದ ಬಳಿ ಆಧಾರವಿತ್ತು. ಅದನ್ನು, ಲಸಿಕೆಯ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಮಂಡಳಿಯ ಸಭೆಯ ನಡಾವಳಿಯೊಂದಿಗೆ ಅಂದೇ ಪೂರ್ತಿಯಾಗಿ ಮುಂದಿಡದೆ ಬಿಟ್ಟದ್ದರಿಂದ, ತಾವು ಒಪ್ಪಿದ್ದು 8ರಿಂದ 12 ವಾರಕ್ಕೆ ಮಾತ್ರ ಎಂದು ಮಂಡಳಿಯ ಕೆಲವು ಸದಸ್ಯರೇ ಮುಂದಿನ ತಿಂಗಳು ಸುದ್ದಿಸಂಸ್ಥೆಗೆ ಹೇಳುವಂತಾಯಿತು, ಸರ್ಕಾರ ಅದನ್ನು ಅಲ್ಲಗಳೆಯಬೇಕಾಯಿತು.

ಹೀಗೆ ಕರಗಿದ ನಂಬಿಕೆಯ ಬೆಲೆ ತೆತ್ತದ್ದು ಬೂಸ್ಟರ್. ‘ಮುನ್ನೆಚ್ಚರಿಕೆ ಡೋಸ್’ ಎಂಬ ಹೆಸರಿನಲ್ಲಿ 2022ರ ಜನವರಿ 10ರಂದು ಅದು ಆರಂಭವಾಯಿತು. ಒಂಬತ್ತು ತಿಂಗಳಿದ್ದ ಅಂತರ ಜುಲೈನಲ್ಲಿ ಆರಕ್ಕಿಳಿಯಿತು. ಏಪ್ರಿಲ್‌ನಲ್ಲಿ ಹದಿನೆಂಟು ದಾಟಿದವರಿಗೆ ಖಾಸಗಿ ಕೇಂದ್ರಗಳಲ್ಲಿ 225 ರೂಪಾಯಿ ಮತ್ತು ಸೇವಾ ಶುಲ್ಕಕ್ಕೆ ಸಿಗುತ್ತಿದ್ದದ್ದು ಜುಲೈ 15ರಿಂದ 75 ದಿನ ಉಚಿತವಾಯಿತು. ಎರಡನೆಯ ಡೋಸ್‌ಗೆ ಸುಮಾರು 95 ಕೋಟಿ ಜನ ಬಂದಿದ್ದ ದೇಶದಲ್ಲಿ ಮೂರನೆಯದಕ್ಕೆ ಬಂದವರು 22 ಕೋಟಿಯ ಆಸುಪಾಸು. ಓಮೈಕ್ರಾನ್ ಬಂದ ಮೇಲೆ ಲಸಿಕೆ ಸೋಂಕನ್ನು ತಡೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಕುಗ್ಗುತ್ತದೆ, ರೋಗ ಉಲ್ಬಣಿಸದಂತೆ ಕಾಯುವ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ, ಆದ್ದರಿಂದ ಮೂರನೆಯ ಡೋಸ್‌ನ ಲಾಭ ಇಪ್ಪತ್ತೈದರ ಯುವಕನಿಗಿಂತ ಎಪ್ಪತ್ತರ ಅಜ್ಜಿಗೆ ಬಹಳ ದೊಡ್ಡದು: ಈ ಮಾತನ್ನು ಸ್ಪಷ್ಟವಾಗಿ ಹೇಳಲು ಏನು ಅಡ್ಡಿಯಿತ್ತೋ ತಿಳಿಯದು. ಎಲ್ಲರಿಗೂ ಒಂದೇ ಘೋಷಣೆ ಕೂಗಿದಾಗ, ಎರಡು ಡೋಸ್ ಪಡೆದೂ ಜ್ವರ ಬಂದು ಹೋದ ಬೆಳೆದ ಮಕ್ಕಳು ಇದರಿಂದ ಪ್ರಯೋಜನವಿಲ್ಲವೆಂದರು. ನಿಜವಾಗಿ ಬೇಕಿದ್ದ ಹಿರಿಯರು ಮಕ್ಕಳ ಮಾತು ಕೇಳಿ ಮನೆಯಲ್ಲೇ ಉಳಿದರು.

ಇದರ ಪರಿಣಾಮ ನನ್ನ ಅಂಗಡಿಗೆ ಬಂದದ್ದು 2024ರ ಮೇ ತಿಂಗಳಲ್ಲಿ. ನಮ್ಮಲ್ಲಿ ಕೋವಿಶೀಲ್ಡ್ ಎಂದು ತಯಾರಾದ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ನ್ಯಾಯಾಲಯದಲ್ಲಿ, ತನ್ನ ಲಸಿಕೆಯಿಂದ ಅತ್ಯಂತ ವಿರಳವಾಗಿ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯಬಹುದು ಎಂದು ಒಪ್ಪಿಕೊಂಡ ಸುದ್ದಿ ಮೊಬೈಲುಗಳಲ್ಲಿ ಹರಿದಾಡುತ್ತಿತ್ತು. ನಮ್ಮ ಕಡೆಯ ಗೌಂಡಿಯೊಬ್ಬರು, ಸಿಮೆಂಟು ಹಿಡಿದ ಕೈಯಲ್ಲೇ ಮೊಬೈಲು ತೋರಿಸುತ್ತ, ರಕ್ತ ತೆಳುವಾಗುವ ಮಾತ್ರೆ ಕೊಡಿ ಎಂದರು. ವೈದ್ಯರ ಚೀಟಿ ಇರಲಿಲ್ಲ. ಲಸಿಕೆ ಪಡೆದು ಮೂರು ವರ್ಷವಾಗಿತ್ತು. ಈ ತೊಂದರೆ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ, ಈಗ ಸುಮ್ಮನೆ ಆ ಮಾತ್ರೆ ನುಂಗಿದರೆ ಅದರಿಂದಲೇ ಅಪಾಯ ಎಂದು ಹೇಳಿ ಕಳಿಸಲು ಹೊರಟೆ. ಹೋಗುವ ಮುಂಚೆ ಅವರು ಕೇಳಿದರು: “ಅಣ್ಣಾರ, ಇದು ಅವಾಗನ ಗೊತ್ತಿತ್ತೇನ್ರಿ?”

ಗೊತ್ತಿತ್ತು, ಸಚಿವರೇ. ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಈ ಸಂಬಂಧವನ್ನು ಗುರುತಿಸಿತ್ತು. ಲಸಿಕೆಯ ಅಡ್ಡಪರಿಣಾಮಗಳನ್ನು ಪರಿಶೀಲಿಸುವ ನಮ್ಮದೇ ರಾಷ್ಟ್ರೀಯ ಸಮಿತಿ ಅದೇ ವರ್ಷದ ಮೇ 17ರಂದು ರಕ್ತ ಹೆಪ್ಪುಗಟ್ಟಿದ 26 ಸಂಭಾವ್ಯ ಪ್ರಕರಣಗಳನ್ನು, ಅಂದರೆ ಹತ್ತು ಲಕ್ಷ ಡೋಸ್‌ಗೆ 0.61ರಷ್ಟನ್ನು, ವರದಿ ಮಾಡಿತ್ತು, 20 ದಿನಗಳೊಳಗೆ ಗಮನಿಸಬೇಕಾದ ಲಕ್ಷಣಗಳನ್ನು ತಮ್ಮ ಸಚಿವಾಲಯವೂ ಹೇಳಿತ್ತು. ಪೆಟ್ಟಿಗೆಯೊಳಗಿನ ಮಾಹಿತಿ ಚೀಟಿಯಲ್ಲಿ ಅದನ್ನು 2021ರಲ್ಲೇ ಸೇರಿಸಿದ್ದಾಗಿ ತಯಾರಕರೂ ಹೇಳಿದ್ದಾರೆ. ಆದರೆ ಒಂದು ಬಾಟಲಿಯಲ್ಲಿ ಹತ್ತು ಜನರ ಡೋಸ್ ಇರುತ್ತಿತ್ತು. ಬಾಟಲಿಯ ಪೆಟ್ಟಿಗೆ ಬಿಚ್ಚುತ್ತಿದ್ದವರು ನರ್ಸಮ್ಮ. ಸಾಲಿನಲ್ಲಿ ನಿಂತ ಹತ್ತು ಜನರಲ್ಲಿ ಆ ಚೀಟಿಯನ್ನು ಕಂಡವರು ಯಾರು?

ಲಸಿಕೆಗಾಗಿ ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು 2022ರ ಮೇ 2ರಂದು ಹೇಳಿದ ಸುಪ್ರೀಂ ಕೋರ್ಟ್, ಪ್ರಯೋಗಗಳ ಮಾಹಿತಿಯನ್ನು ಪ್ರಕಟಿಸಬೇಕು, ಅಡ್ಡಪರಿಣಾಮಗಳನ್ನು ಜನರೂ ಖಾಸಗಿ ವೈದ್ಯರೂ ವರದಿ ಮಾಡುವಂಥ, ಎಲ್ಲರಿಗೂ ಸಿಗುವಂಥ ವ್ಯವಸ್ಥೆ ಇರಬೇಕು ಎಂದೂ ಹೇಳಿದೆ. ಮುಂಬಯಿಯ ಲೋಕಲ್ ರೈಲು ಹತ್ತಲು ಎರಡು ಡೋಸ್‌ನ ಪ್ರಮಾಣಪತ್ರ ಕೇಳಿದ ಕಾಲವನ್ನು ಇಲ್ಲಿನ ದುಡಿಯುವ ಜನ ಮರೆತಿಲ್ಲ. ತೀರ್ಪಿನ ಮೊದಲ ಮಾತು ಎಲ್ಲ ಪತ್ರಿಕೆಗಳಲ್ಲೂ ಬಂತು, ಎರಡನೆಯದನ್ನು ನೆನಪಿಸುವವರು ಕಡಿಮೆ.

ನನ್ನ ಬೇಡಿಕೆ ದುಬಾರಿಯದ್ದಲ್ಲ. ಮುಂದೆ ಯಾವುದೇ ಲಸಿಕೆಗೆ ತುರ್ತು ಒಪ್ಪಿಗೆ ಕೊಟ್ಟ ದಿನವೇ ಕನ್ನಡ, ಮರಾಠಿ ಸೇರಿದಂತೆ ಎಲ್ಲ ಭಾಷೆಗಳಲ್ಲಿ ಎರಡು ಪುಟದ ಹಾಳೆಯೊಂದು ಹೊರಬರಲಿ. ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು, ಅಳೆದದ್ದು ರೋಗ ತಡೆದದ್ದನ್ನೋ ಅಥವಾ ಕಾರ್ಬೆವ್ಯಾಕ್ಸ್ ಎಂಬ ಕೊರೊನಾ ಲಸಿಕೆಯಲ್ಲಿ ಮಾಡಿದಂತೆ, ರೋಗದ ವಿರುದ್ಧ ಹೋರಾಡುವ ರಕ್ತದಲ್ಲಿನ ಪ್ರತಿಕಾಯಗಳನ್ನು ಇನ್ನೊಂದು ಲಸಿಕೆಯೊಂದಿಗೆ ಹೋಲಿಸಿಯೋ, ಯಾವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ಆ ಉತ್ತರ ಯಾವ ತಿಂಗಳು ಬರಲಿದೆ ಎಂಬುದು ಅದರಲ್ಲಿರಲಿ. ತಜ್ಞರ ಸಮಿತಿಯ ನಡಾವಳಿ, ಭಿನ್ನಮತವಿದ್ದರೆ ಅದೂ ಸೇರಿ, ಜೊತೆಗೇ ಪ್ರಕಟವಾಗಲಿ. ಅಡ್ಡಪರಿಣಾಮಗಳ ಪರಿಶೀಲನೆಯ ವರದಿ ತಿಂಗಳಿಗೊಮ್ಮೆ, ಒಟ್ಟು ಎಷ್ಟು ಡೋಸ್‌ಗೆ ಎಷ್ಟು ಪ್ರಕರಣ ಎಂಬ ಲೆಕ್ಕದೊಂದಿಗೆ ಬರಲಿ. ಕೇಂದ್ರಗಳಲ್ಲಿ ಸರದಿಗೆ ಕಾಯುವ ಕೋಣೆಯಂತೂ ಇದ್ದೇ ಇತ್ತು. ಜನ ಅಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಓದಬಲ್ಲವರ ಕೈಗೆ ಆ ಹಾಳೆ ಕೊಡಬಹುದು, ಓದಲಾಗದವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳಬಹುದು.

ಇದನ್ನು ಜಾರಿಗೆ ತರಲು ಸಾಧ್ಯವೇ, ಇಲ್ಲವಾದರೆ ಏಕೆ ಎಂಬುದನ್ನು ತಾವು ಬಹಿರಂಗವಾಗಿಯೇ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಹಡಪಸರದ ಒಬ್ಬ ಕನ್ನಡಿಗ ಔಷಧ ವ್ಯಾಪಾರಿ, ಪುಣೆ